ಮೈಸೂರಿನಲ್ಲಿ ಗೋಲ್ಡ್ ಫಿಶ್ ಸಾಕುವವರೇ, ಔಷಧಿ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಮೀನಿನ ಮೈಮೇಲೆ ಬಿಳಿ ಚುಕ್ಕಿ ಕಂಡಿತು ಅಂತ ಅಕ್ವೇರಿಯಂ ಅಂಗಡಿಗೆ ಫೋಟೋ ಕಳಿಸಿ, ಅವರು ಕೊಟ್ಟ ಬಾಟಲಿಯನ್ನು ತಂದು ಟ್ಯಾಂಕಿಗೆ ಸುರಿಯಬೇಡಿ. ನಮ್ಮ ಮನೆಯಲ್ಲಿ ಎರಡು ಮೀನು ಸತ್ತವು. ಕಾಯಿಲೆಯಿಂದ ಅಲ್ಲ. ಔಷಧಿಯಿಂದ, ಮತ್ತು ಔಷಧಿಯ ಜೊತೆ ಬಂದ ಸಲಹೆಯಿಂದ. ಇಲ್ಲದ ಕಾಯಿಲೆಗೆ ಔಷಧಿ ಮಾರಿದರು. ಇದನ್ನು ಬರೆಯುವಾಗಲೂ ಮೈ ಉರಿಯುತ್ತಿದೆ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಅವರು ಮಾತಾಡುವ ರೀತಿ ಗೊತ್ತಾದರೆ ಸಾಕು. ಇದೇ ಮಾತು ಬೇರೆ ಎಲ್ಲಾದರೂ ಕಿವಿಗೆ ಬಿದ್ದರೆ ಅಲ್ಲಿಂದ ಎದ್ದು ಬನ್ನಿ.

ನಮ್ಮದು ಕುವೆಂಪುನಗರ. ನೂರು ಲೀಟರಿನ ಟ್ಯಾಂಕು, ಅದರಲ್ಲಿ ಮೂರು ಮೀನು. ಗುಂಡ ಅಂತ ಒಂದು ಒರಾಂಡಾ, ಕೆಂಪಿ ಮತ್ತು ಚಿನ್ನಿ ಅಂತ ಎರಡು ಫ್ಯಾನ್‌ಟೇಲ್, ಎರಡೂ ಗೋಲ್ಡ್ ಫಿಶ್‌ನ ತಳಿಗಳೇ. ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ತಂದದ್ದು, ಈಗ ಅವಳು ಏಳನೇ ಕ್ಲಾಸು. ಇಷ್ಟು ವರ್ಷ ಒಂದಕ್ಕೂ ಏನೂ ಆಗಿರಲಿಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸುವುದು, ನಲ್ಲಿ ನೀರಿಗೆ ಕ್ಲೋರಿನ್ ತೆಗೆಯುವ ಹನಿ ಹಾಕುವುದು, ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನ ನೀರಲ್ಲೇ ಹಿಂಡುವುದು, ಎಲ್ಲ ನಡೆದುಕೊಂಡು ಹೋಗುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಗುಂಡನ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕಿಗಳು ಕಂಡವು. ಸಣ್ಣವು, ಎಲ್ಲ ಒಂದೇ ಅಳತೆಯವು. ಕಿವಿರಿನ ಹಿಂದಿನ ಜೋಡಿ ರೆಕ್ಕೆಗಳ ಮುಂಭಾಗದ ಅಂಚಿನಲ್ಲೂ ಸಾಲಾಗಿ ಇದ್ದವು. ಬೆನ್ನಿನ ಮೇಲೆ ಒಂದೂ ಇಲ್ಲ, ಬಾಲದ ಮೇಲೆ ಒಂದೂ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅವನು ಚಿನ್ನಿಯನ್ನು ಟ್ಯಾಂಕಿನ ತುಂಬ ಅಟ್ಟಿಸಿಕೊಂಡು ಹೋಗಿ ಹೊಟ್ಟೆಯ ಹಿಂಭಾಗಕ್ಕೆ ಮೂತಿಯಿಂದ ತಿವಿಯುತ್ತಿದ್ದ. ಊಟ ಮಾತ್ರ ಎಂದಿನಂತೆ, ಕಾಳು ಹಾಕುವ ಮೊದಲೇ ಮೇಲೆ ಬಂದು ಬಾಯಿ ತೆರೆಯುತ್ತಿದ್ದ.

ಮಗಳು ಹೆದರಿದಳು. ಫೋಟೋ ತೆಗೆದು ನಾವು ಯಾವಾಗಲೂ ಕಾಳು ಕೊಳ್ಳುವ ಅಂಗಡಿಗೆ ವಾಟ್ಸಾಪ್ ಮಾಡಿದೆ. ತಕ್ಷಣ ಉತ್ತರ ಬಂತು.

"ವೈಟ್ ಸ್ಪಾಟ್ ಮೇಡಂ. ಡೇಂಜರ್. ಇವತ್ತೇ ಬನ್ನಿ, ಲೇಟ್ ಮಾಡಿದ್ರೆ ಎಲ್ಲಾ ಹೋಗ್ಬಿಡತ್ತೆ."

ಚೆನ್ನಾಗಿ ಊಟ ಮಾಡ್ತಿದೆಯಲ್ಲ ಅಂದೆ. "ಮೊದಮೊದಲು ಹಂಗೇ ಮೇಡಂ, ಆಮೇಲೆ ಒಂದೇ ಸಲ ಮಲಗ್ಬಿಡತ್ತೆ" ಅಂದರು. ಇನ್ನೊಂದನ್ನು ಅಟ್ಟಿಸ್ತಾ ಇದೆ ಅಂದೆ. "ಮೈ ಕಡಿತಾ ಇರತ್ತೆ, ಅದಕ್ಕೆ" ಅಂದರು. ಏನು ಕೇಳಿದರೂ ಉತ್ತರ ರೆಡಿ. ಟ್ಯಾಂಕು ಎಷ್ಟು ಲೀಟರು ಅಂತ ಕೇಳಲಿಲ್ಲ. ನೀರು ಯಾವುದು, ಕಾವೇರಿಯದಾ ಬೋರಿನದಾ ಅಂತ ಕೇಳಲಿಲ್ಲ. ನೀರು ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಲೇ ಇಲ್ಲ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ: ನೀರಿನ ಬಗ್ಗೆ ಒಂದೇ ಒಂದು ಪ್ರಶ್ನೆ ಬರಲಿಲ್ಲ.

ಅಂಗಡಿಗೆ ಹೋದಾಗ ಕೊಟ್ಟದ್ದು ನೀಲಿ ಔಷಧಿ, ಮೆಥಿಲೀನ್ ಬ್ಲೂ. ಜೊತೆಗೆ ಒಂದು ಹೀಟರು. "ಮೂವತ್ತೆರಡಕ್ಕೆ ಇಡಿ ಮೇಡಂ, ಹೀಟಿಗೆ ಹುಳ ಸಾಯತ್ತೆ." ಆಮೇಲೆ ಸಲಹೆ: ಟ್ಯಾಂಕಿನ ನೀರು ಪೂರ್ತಿ ಚೆಲ್ಲಿ, ಕಲ್ಲು ತೊಳೆಯಿರಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಚೆನ್ನಾಗಿ ಉಜ್ಜಿ, ರೋಗ ಅಲ್ಲೇ ಕೂತಿರತ್ತೆ. ಎಷ್ಟು ಹಾಕಬೇಕು ಅಂದರೆ "ಒಂದು ಮುಚ್ಚಳ, ಜಾಸ್ತಿ ಆದ್ರೂ ಏನಾಗಲ್ಲ".

ಆಗುತ್ತದೆ. ಎಲ್ಲ ಆಗುತ್ತದೆ. ಮೀನಿನ ಕಿವಿರಿಂದ, ಕಕ್ಕದಿಂದ ಅಮೋನಿಯಾ ಬಂದು ನೀರಿಗೆ ಸೇರುತ್ತಲೇ ಇರುತ್ತದೆ. ಗೋಲ್ಡ್ ಫಿಶ್ ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ. ಆ ಅಮೋನಿಯಾವನ್ನು ಮೊದಲು ನೈಟ್ರೈಟು, ಆಮೇಲೆ ನೈಟ್ರೇಟು ಮಾಡಿ ವಿಷ ಇಳಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಆ ಸ್ಪಂಜಿನಲ್ಲೇ. ಕ್ಲೋರಿನ್ ಇರುವ ನಲ್ಲಿ ನೀರಲ್ಲಿ ಉಜ್ಜಿದರೆ ಅವು ಸಾಯುತ್ತವೆ. ಉಳಿದವಕ್ಕೆ ಮೆಥಿಲೀನ್ ಬ್ಲೂ ಏಟು ಕೊಡುತ್ತದೆ. ಇನ್ನು ಹೀಟರು. ಗೋಲ್ಡ್ ಫಿಶ್ ತಂಪು ನೀರಿನ ಮೀನು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ, ಅಮೋನಿಯಾದ ವಿಷ ಜಾಸ್ತಿ. ಮೈಸೂರಿನ ಬೇಸಿಗೆಯಲ್ಲಿ ಗೋಲ್ಡ್ ಫಿಶ್‌ಗೆ ಹೀಟರ್ ಮಾರಿದರು ನೋಡಿ! ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಇದೇ ವ್ಯಾಪಾರ ಮಾಡುವವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ಸ್ವಲ್ಪ ದಿನಕ್ಕೇ ಮೂರೂ ಮೀನು ಮೇಲೆ ಬಂದು ಗಾಳಿ ಗುಟುಕರಿಸತೊಡಗಿದವು. ರೆಕ್ಕೆಯಲ್ಲಿ ಕೆಂಪು ಗೆರೆ ಎದ್ದವು. ಚಿನ್ನಿ ರೆಕ್ಕೆ ಮುದುರಿಕೊಂಡು ತಳದಲ್ಲಿ ಕೂತುಬಿಟ್ಟಳು. ಫೋನ್ ಮಾಡಿದರೆ "ನೋಡಿ, ಹೇಳಿದ್ನಲ್ಲ ಮೇಡಂ, ರೋಗ ಜಾಸ್ತಿ ಆಗಿದೆ. ಸ್ಟ್ರಾಂಗ್ ಔಷಧಿ ಕೊಡ್ತೀನಿ ಬನ್ನಿ."

ಸ್ಟ್ರಾಂಗ್ ಔಷಧಿ ಅಂದರೆ ಹಸಿರು ದ್ರಾವಣ. ದೊಡ್ಡ ಕ್ಯಾನಿನಿಂದ ಸಣ್ಣ ಬಾಟಲಿಗೆ ಬಗ್ಗಿಸಿ ಕೊಟ್ಟರು. ಲೇಬಲ್ ಇಲ್ಲ, ಹೆಸರಿಲ್ಲ, ತಾರೀಖಿಲ್ಲ. ಏನಿದು ಅಂದರೆ "ಮಲಾಕೈಟು, ಎಲ್ಲರೂ ಹಾಕೋದು ಇದನ್ನೇ". ಮಲಾಕೈಟ್ ಗ್ರೀನ್ ಅಂದರೆ ಸುಮ್ನೆ ಮುಚ್ಚಳದಲ್ಲಿ ಅಳೆದು ಹಾಕುವ ವಸ್ತು ಅಲ್ಲ. ಪ್ರಮಾಣ ಸ್ವಲ್ಪ ಮೀರಿದರೂ ಮೀನಿಗೇ ವಿಷ. ಜನ ತಿನ್ನುವ ಮೀನಿಗೆ ಅಮೆರಿಕದಲ್ಲಿ, ಯುರೋಪಿನಲ್ಲಿ ಇದನ್ನು ಬಳಸುವಂತೆಯೇ ಇಲ್ಲ. ಕೈಗವಸು ಹಾಕಿಕೊಳ್ಳಿ ಅಂತ ಒಂದು ಮಾತೂ ಹೇಳದೆ ಮಗುವಿನ ಕೈಗೆ ಆ ಬಾಟಲಿ ಕೊಟ್ಟರು.

ಅದಾದ ಮೇಲೆ ಕ್ಯಾಪ್ಸೂಲು. ಮನುಷ್ಯರು ನುಂಗುವ ಟೆಟ್ರಾಸೈಕ್ಲಿನ್, ಬಿಚ್ಚಿ ನೀರಿಗೆ ಉದುರಿಸಬೇಕಂತೆ. ಅಷ್ಟು ಹೊತ್ತಿಗೆ ಚಿನ್ನಿ ಹೋಗಿದ್ದಳು. ಮಾರನೇ ಬೆಳಗ್ಗೆ ಗುಂಡನೂ ಹೋದ.

ಈಗ ನನ್ನ ಹೊಟ್ಟೆ ಉರಿದ ಜಾಗ. ಕ್ಯಾಪ್ಸೂಲಿಗೆ ಅಂತ ಹೋಗಿದ್ದಾಗ ಒಬ್ಬ ಹುಡುಗ ಬಂದ. ಅವನ ಬೆಟ್ಟಾ ಮೀನಿನ ರೆಕ್ಕೆ ಕೊಳೆಯುತ್ತಿತ್ತು. ಫೋಟೋ ತೋರಿಸಿದ. ಅಂಗಡಿಯವರು ಫೋಟೋವನ್ನು ಸರಿಯಾಗಿ ನೋಡಲೂ ಇಲ್ಲ, ಅದೇ ಕ್ಯಾನು ಎತ್ತಿದರು. ಅದೇ ಹಸಿರು, ಅದೇ ಸಣ್ಣ ಬಾಟಲಿ, ಅದೇ "ಒಂದು ಮುಚ್ಚಳ". ಬೇರೆ ಮೀನು, ಬೇರೆ ಕಾಯಿಲೆ, ಟ್ಯಾಂಕು ಕೂಡ ಬೇರೆ. ನಾನು ಅಲ್ಲೇ ಕೌಂಟರಿನ ಮುಂದೆ ಕ್ಯಾಪ್ಸೂಲ್ ಹಿಡಿದು ನಿಂತಿದ್ದೆ. ಆ ಕ್ಷಣ ಅರ್ಥವಾಯಿತು, ಇಲ್ಲಿ ಯಾರೂ ಕಾಯಿಲೆ ನೋಡುತ್ತಿಲ್ಲ, ಕ್ಯಾನು ಖಾಲಿ ಮಾಡುತ್ತಿದ್ದಾರೆ ಅಂತ.

ಇನ್ನೊಂದು ಸತ್ಯ ಗೊತ್ತಾದದ್ದು ನಮ್ಮ ಮೇಲಿನ ಮನೆಯ ಹುಡುಗನಿಂದ. ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದುತ್ತಾನೆ. ನನ್ನ ಫೋನಿನಲ್ಲಿದ್ದ ಗುಂಡನ ಮೊದಲನೇ ಫೋಟೋ ದೊಡ್ಡದು ಮಾಡಿ ನೋಡಿದ. "ಆಂಟಿ, ಇದು ವೈಟ್ ಸ್ಪಾಟ್ ಅಲ್ಲ" ಅಂದ. "ಇದು ಗಂಡು ಮೀನು. ಮೊಟ್ಟೆ ಇಡೋ ಕಾಲ ಬಂದಾಗ ಗಂಡಿಗೆ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆ ಅಂಚಲ್ಲಿ ಹೀಗೆ ಚುಕ್ಕಿ ಬರುತ್ತವೆ. ಕಾಲ ಕಳೆದರೆ ತಾನಾಗೇ ಹೋಗುತ್ತವೆ. ಹೆಣ್ಣನ್ನ ಅಟ್ಟಿಸೋದೂ ಅದಕ್ಕೇ."

ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮೀನು ಆರೋಗ್ಯವಾಗಿತ್ತು. ಪೂರ್ತಿ ಆರೋಗ್ಯವಾಗಿತ್ತು! ಪ್ರಾಯಕ್ಕೆ ಬಂದ ಗಂಡು ಮೀನಿಗೆ ರೋಗ ಅಂತ ಹೇಳಿ ವಿಷ ಹಾಕಿಸಿದರು.

ನಿಜವಾದ ವೈಟ್ ಸ್ಪಾಟ್ ಬೇರೆ. ಅದು ಇಕ್ತಿಯೋಫ್ತೀರಿಯಸ್ ಅನ್ನುವ ಪರಜೀವಿಯಿಂದ ಬರುತ್ತದೆ. ಚುಕ್ಕಿಗಳು ಮೈಮೇಲೆ ರವೆ ಉದುರಿಸಿದ ಹಾಗೆ ಬೆನ್ನು, ಬಾಲ, ರೆಕ್ಕೆ ಅಂತ ಎಲ್ಲೆಂದರಲ್ಲಿ ಇರುತ್ತವೆ, ದಿನದಿಂದ ದಿನಕ್ಕೆ ಹೆಚ್ಚುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ಊಟ ಬಿಡುತ್ತದೆ, ಸಾಮಾನ್ಯವಾಗಿ ಒಂದರಿಂದ ಎಲ್ಲಕ್ಕೂ ಹರಡುತ್ತದೆ. ಪರಜೀವಿ ಮೀನಿನ ಚರ್ಮದೊಳಗೆ ಇರುವಾಗ ಔಷಧಿ ತಾಗುವುದಿಲ್ಲ. ಅದು ಕೆಳಗೆ ಬಿದ್ದು ಮರಿಗಳಾಗಿ ನೀರಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ಅದಕ್ಕೇ ಬಿಡದೆ ಹಲವು ದಿನ ಅಳತೆ ಪ್ರಕಾರ ಕೊಡಬೇಕು. ಇದನ್ನೂ ಅಂಗಡಿಯವರು ಹೇಳಿರಲಿಲ್ಲ.

ಆ ಹುಡುಗ ಅವರ ಲ್ಯಾಬಿನಿಂದ ಅಲ್ಲ, ಆನ್‌ಲೈನಿನಲ್ಲಿ ಸಿಗುವ ಮಾಮೂಲಿ ಅಮೋನಿಯಾ ಕಿಟ್ ತರಿಸಿಕೊಟ್ಟ. ಸಣ್ಣ ಗಾಜಿನ ಕೊಳವೆಗೆ ಟ್ಯಾಂಕಿನ ನೀರು ಹಾಕಿ ಹನಿ ಬಿಟ್ಟೆವು. ಹಳದಿ ಇದ್ದರೆ ಅಮೋನಿಯಾ ಇಲ್ಲ ಅಂತ ಲೆಕ್ಕ. ನಮ್ಮದು ನೋಡ್ತಾ ನೋಡ್ತಾ ಕಡು ಹಸಿರಾಯಿತು. ಔಷಧಿಯೆಲ್ಲ ನಿಲ್ಲಿಸಿ, ಹೀಟರ್ ಕಿತ್ತು, ಕ್ಲೋರಿನ್ ತೆಗೆದ ನೀರಲ್ಲಿ ದಿನಾ ಅರ್ಧ ಟ್ಯಾಂಕು ಬದಲಾಯಿಸಿ, ಗಾಳಿ ಬಿಡುವ ಕಲ್ಲು ಹಾಕಿ, ಊಟ ನಿಲ್ಲಿಸಿ ಕೆಂಪಿಯನ್ನು ಉಳಿಸಿಕೊಂಡೆವು.

ಇದನ್ನೆಲ್ಲ ಹೇಳೋಣ ಅಂತ ಅಂಗಡಿಗೆ ಹೋದೆ. ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ.

"ನಾವು ಇಪ್ಪತ್ತು ವರ್ಷದಿಂದ ಇದೇ ಲೈನಲ್ಲಿದ್ದೀವಿ ಮೇಡಂ, ಸ್ಟೂಡೆಂಟ್ ಮಾತು ಕೇಳ್ತೀರಾ?"

"ಗೋಲ್ಡ್ ಫಿಶ್ ಅಂದ್ರೆ ಅಷ್ಟೇ ಮೇಡಂ, ಎರಡು ಮೂರು ವರ್ಷ ಬಂದ್ರೆ ಜಾಸ್ತಿ."

ಇದು ಶುದ್ಧ ಸುಳ್ಳು. ಸರಿಯಾಗಿ ನೋಡಿಕೊಂಡರೆ ಗೋಲ್ಡ್ ಫಿಶ್ ಹತ್ತು ವರ್ಷ ದಾಟುವುದು ದೊಡ್ಡ ವಿಷಯ ಅಲ್ಲ. ಇಂಗ್ಲೆಂಡಿನಲ್ಲಿ ಟಿಶ್ ಅನ್ನುವ ಗೋಲ್ಡ್ ಫಿಶ್ 1956ರಲ್ಲಿ ಜಾತ್ರೆಯಲ್ಲಿ ಬಹುಮಾನವಾಗಿ ಸಿಕ್ಕಿ, 1999ರಲ್ಲಿ 43 ವರ್ಷದ್ದಾಗಿ ಸತ್ತಿತು. ಗಿನ್ನೆಸ್ ದಾಖಲೆ ಅದು.

ದುಡ್ಡು ವಾಪಸ್ ಕೊಡಿ ಅಂದೆ. ಆಗ ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೆ, ನಗುತ್ತಾ ಹೇಳಿದರು: "ಎಂಬತ್ತು ರೂಪಾಯಿ ಮೀನಿಗೆ ಇಷ್ಟೊಂದು ಗಲಾಟೆನಾ ಮೇಡಂ? ಎರಡು ಹೊಸಾದು ತಗೊಳ್ಳಿ, ಡಿಸ್ಕೌಂಟ್ ಹಾಕ್ಕೊಡ್ತೀನಿ." ಪಕ್ಕದಲ್ಲಿದ್ದವರೂ ನಕ್ಕರು. ಮಗಳು ನನ್ನ ಪಕ್ಕದಲ್ಲೇ ಇದ್ದಳು. ತಲೆ ತಗ್ಗಿಸಿಕೊಂಡು ನನ್ನ ಕೈ ಎಳೆದಳು, "ಅಮ್ಮ, ಬಾ ಹೋಗೋಣ" ಅಂತ. ಆ ಅವಮಾನ ನನಗೆ ಇನ್ನೂ ಇಳಿದಿಲ್ಲ. ಎಂಬತ್ತು ರೂಪಾಯಿ ಮೀನಿಗೆ ಎರಡು ಸಾವಿರಕ್ಕಿಂತ ಜಾಸ್ತಿ ಔಷಧಿ, ಹೀಟರು ಮಾರುವಾಗ ಅದರ ಬೆಲೆ ನೆನಪಾಗಲಿಲ್ಲವಾ ಇವರಿಗೆ?

ಕೊನೆಯ ಉತ್ತರ ಕೇಳಿ. ಕೆಂಪಿಯ ರೆಕ್ಕೆಯ ಅಂಚು, ಬೆನ್ನಿನ ಪಕ್ಕ ಈಗ ಕಪ್ಪಾಗಿದೆ. ಅಮೋನಿಯಾದಿಂದ ಸುಟ್ಟ ಚರ್ಮ ವಾಸಿಯಾಗುವಾಗ ಹೀಗೆ ಕಪ್ಪಾಗುತ್ತದೆ. ನೀವು ಮಾಡಿದ್ದು ನೋಡಿ ಅಂತ ಆ ಫೋಟೋ ಕಳಿಸಿದೆ. ಬಂದ ಮೆಸೇಜು: "ಬ್ಲ್ಯಾಕ್ ಸ್ಪಾಟ್ ಮೇಡಂ. ಅದಕ್ಕೂ ಔಷಧಿ ಇದೆ, ಬನ್ನಿ."

ಸಿಟ್ಟಿನಿಂದ ನಾಲ್ಕು ಮಾತು ಬರೆದೆ. ನನ್ನ ನಂಬರ್ ಬ್ಲಾಕ್ ಮಾಡಿದರು.

ಗ್ರಾಹಕರ ಸಹಾಯವಾಣಿ 1915 ಇದೆ, ದೂರು ಕೊಡಬಹುದು. ಆದರೆ ಅವರು ಬಿಲ್ಲೇ ಕೊಟ್ಟಿಲ್ಲ. ದುಡ್ಡು ಹೋದದ್ದಕ್ಕೆ ಫೋನಿನಲ್ಲಿ ಗುರುತಿದೆ, ಏನು ಕೊಂಡೆ ಅನ್ನುವುದಕ್ಕೆ ಇಲ್ಲ. ಆದ್ದರಿಂದ ನೂರು ರೂಪಾಯಿ ಸಾಮಾನಾದರೂ ಬಿಲ್ ಕೇಳಿ, ಅದರಲ್ಲಿ ಔಷಧಿಯ ಹೆಸರು ಬರೆಸಿಕೊಳ್ಳಿ. ಲೇಬಲ್ ಇಲ್ಲದ ಬಾಟಲಿ ಮುಟ್ಟಲೇಬೇಡಿ. ಲೀಟರ್ ಕೇಳದೆ ಡೋಸ್ ಹೇಳುವವರನ್ನು ನಂಬಬೇಡಿ. ಮೀನು ಮಂಕಾದರೆ ಮೊದಲು ನೀರು ಪರೀಕ್ಷೆ ಮಾಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಬೇಕಾಗಿರುವುದು ನೀರು ಬದಲಾವಣೆ, ಬಾಟಲಿ ಅಲ್ಲ. ನಮ್ಮೂರಿನಲ್ಲಿ ನಾಯಿ, ಬೆಕ್ಕು, ಹಸು ನೋಡುವ ಡಾಕ್ಟರು ಸಿಗುತ್ತಾರೆ, ಮೀನು ನೋಡುವವರನ್ನು ಹುಡುಕಬೇಕು. ಮೀನುಗಾರಿಕೆ ಕಾಲೇಜು ಇರುವುದು ಮಂಗಳೂರಿನಲ್ಲಿ. ಇಲ್ಲಿ ಕೇಳುವವರಿಲ್ಲ ಅಂತ ಗೊತ್ತಿರುವುದರಿಂದಲೇ ಇವರಿಗೆ ಇಷ್ಟು ಧೈರ್ಯ.

ನಮ್ಮ ಕಿಟ್ಟಿನಲ್ಲಿ ಇನ್ನೂ ಸಾಕಷ್ಟು ಹನಿ ಉಳಿದಿದೆ. ಕುವೆಂಪುನಗರ, ಸರಸ್ವತಿಪುರಂ, ರಾಮಕೃಷ್ಣನಗರ ಕಡೆಯವರು ಯಾರಿಗಾದರೂ ಮೀನಿನ ಬಗ್ಗೆ ಅನುಮಾನ ಬಂದರೆ ನನಗೊಂದು ಮೆಸೇಜ್ ಹಾಕಿ, ಒಂದು ತೊಳೆದ ಬಾಟಲಿಯಲ್ಲಿ ಟ್ಯಾಂಕಿನ ನೀರು ತನ್ನಿ. ದುಡ್ಡು ಬೇಡ. ಔಷಧಿ ಹಾಕುವ ಮೊದಲು ಬನ್ನಿ, ಅಷ್ಟೇ.