ಸೆಂಟಿನೆಲ್-1ರ ಉಚಿತ ರಾಡಾರ್ ಚಿತ್ರಗಳು: ಏಳು ವರ್ಷ ಬಳಸಿದ ಮೇಲೆ

5ರಲ್ಲಿ 4 ಸ್ಟಾರ್ ಕೊಡುತ್ತೇನೆ. ಆ ಒಂದು ಸ್ಟಾರ್ ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ನಾನು ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮನೆ ಜಯನಗರದಲ್ಲಿ. ಹಿಮಬಂಡೆಯನ್ನು ಕಣ್ಣಾರೆ ಕಂಡವಳಲ್ಲ. 2018ರ ಜನವರಿಯಲ್ಲಿ, ಡೇಟಾ ಸ್ಪರ್ಧೆಗಳನ್ನು ನಡೆಸುವ ಕ್ಯಾಗಲ್ ಜಾಲತಾಣದಲ್ಲಿ ಒಂದು ಸ್ಪರ್ಧೆ ಮುಗಿಯಿತು. ನಾರ್ವೆಯ ತೈಲ ಕಂಪನಿ ಸ್ಟಾಟಾಯಿಲ್ ಮತ್ತು ಕೆನಡಾದ ಸಂಶೋಧನಾ ಸಂಸ್ಥೆ ಸಿ-ಕೋರ್ ಸೇರಿ ನಡೆಸಿದ್ದು. ಉಪಗ್ರಹದ ಚಿತ್ರದಲ್ಲಿ ಕಾಣುವ ಚುಕ್ಕಿ ಹಡಗೋ ಹಿಮಬಂಡೆಯೋ ಹೇಳಬೇಕು, ಅಷ್ಟೇ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಅದನ್ನು ಎತ್ತಿಕೊಂಡೆ. ಅಲ್ಲಿಂದ ಈ ಚಿತ್ರಗಳ ಗೀಳು ಹಿಡಿಯಿತು.

ಸೆಂಟಿನೆಲ್-1 ಯುರೋಪಿನ ರಾಡಾರ್ ಉಪಗ್ರಹ. ಮೊದಲನೆಯದು 2014ರ ಏಪ್ರಿಲ್‌ನಲ್ಲಿ ಹಾರಿತು. ಕ್ಯಾಮೆರಾ ಥರ ಬೆಳಕಿಗೆ ಕಾಯುವುದಿಲ್ಲ. ತಾನೇ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಅಳೆಯುತ್ತದೆ. ಆ ಅಲೆಯ ಉದ್ದ ಸುಮಾರು 5.5 ಸೆಂಟಿಮೀಟರ್. ಹಾಗಾಗಿ ಮೋಡ, ಮಂಜು, ರಾತ್ರಿ ಯಾವುದೂ ಅಡ್ಡಿಯಲ್ಲ. ಹಿಮಬಂಡೆಗಳು ತೇಲಿ ಬರುವ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಿನಲ್ಲಿ ಮಂಜು ಜಾಸ್ತಿ, ಅಲ್ಲಿ ಇದೇ ಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ್ದೂ ಆ ಕಡಲಿನ ದಕ್ಷಿಣಕ್ಕೇ. ಎರಡು ವರ್ಷದ ನಂತರ, ಹಿಮಬಂಡೆಗಳನ್ನು ಹುಡುಕಿ ಹಡಗುಗಳಿಗೆ ಎಚ್ಚರಿಕೆ ಕೊಡುವ ಅಂತರರಾಷ್ಟ್ರೀಯ ಗಸ್ತು ಶುರುವಾಯಿತು.

ಇಷ್ಟೆಲ್ಲ ಇದ್ದರೂ ಪರದೆಯ ಮೇಲೆ ಕಾಣುವುದು ಏನು? ಕಪ್ಪು ಕಾವಲಿಗೆ ಅಂಟಿದ ರವೆಕಾಳು. ಒಂದು ಪಿಕ್ಸೆಲ್ ಎಂದರೆ 10 ಮೀಟರ್. ನಿಜವಾದ ಸ್ಪಷ್ಟತೆ ಅದಕ್ಕಿಂತಲೂ ಕಡಿಮೆ. 60 ಮೀಟರಿನ ಹಡಗು ಆರೇಳು ಪಿಕ್ಸೆಲ್ ಆಗುತ್ತದೆ. ಅಷ್ಟೇ ಉದ್ದದ ಹಿಮಬಂಡೆಯೂ ಅಷ್ಟೇ. ಆಕಾರ ನೋಡಿ ಹೇಳುತ್ತೇನೆ ಅಂದರೆ ಆಗುವುದಿಲ್ಲ.

ಆಕಾರ ಕೈಕೊಟ್ಟಾಗ ಅಲೆಯನ್ನು ಅಳೆಯುವ ಎರಡು ಬಗೆಗಳು ನೆರವಿಗೆ ಬರುತ್ತವೆ. ಅಡ್ಡಲಾಗಿ ಕಂಪಿಸುವ ಅಲೆ ಕಳಿಸಿ ಅಡ್ಡ ಅಲೆಯನ್ನೇ ಅಳೆದರೆ ಎಚ್‌ಎಚ್. ಅಡ್ಡ ಕಳಿಸಿ ಲಂಬ ಅಳೆದರೆ ಎಚ್‌ವಿ. ಹಡಗಿನ ಉಕ್ಕಿನ ಗೋಡೆ ಮತ್ತು ನೀರು ಸೇರಿ ಒಂದು ಮೂಲೆ ಆಗುತ್ತದೆ. ಅಲೆ ಅಲ್ಲಿ ಎರಡು ಸಲ ಪುಟಿದು ನೇರ ವಾಪಸ್ ಬರುತ್ತದೆ, ಎಚ್‌ಎಚ್‌ನಲ್ಲಿ ಚುಕ್ಕಿ ಫಳಫಳ. ಹಿಮಬಂಡೆಯಲ್ಲಿ ಅಲೆ ಸ್ವಲ್ಪ ಒಳಗೆ ಇಳಿದು, ಒಳಗಿನ ಗುಳ್ಳೆ ಬಿರುಕುಗಳಲ್ಲಿ ಚದುರಿ, ದಿಕ್ಕು ಬದಲಿಸಿಕೊಂಡು ಬರುತ್ತದೆ. ಆಗ ಎಚ್‌ವಿಯಲ್ಲೂ ಒಂದಿಷ್ಟು ಬೆಳಕು ಸಿಗುತ್ತದೆ. ಗಾಳಿ ಬೀಸಿ ಕಡಲು ಒರಟಾದ ದಿನ ಎಚ್‌ಎಚ್ ಪೂರ್ತಿ ಬೆಳ್ಳಗಾಗಿ ಚುಕ್ಕಿ ಕಳೆದುಹೋಗುತ್ತದೆ. ಎಚ್‌ವಿಯಲ್ಲಿ ಮಾತ್ರ ಕಡಲು ಕಪ್ಪಾಗೇ ಉಳಿಯುತ್ತದೆ. ನಾನು ಯಾವಾಗಲೂ ಮೊದಲು ತೆರೆಯುವುದು ಎಚ್‌ವಿ. ಆದರೆ ಇದೂ ಪೂರ್ತಿ ನಂಬುವಂಥದ್ದಲ್ಲ. ಬೇಸಿಗೆಯಲ್ಲಿ ಹಿಮಬಂಡೆಯ ಮೈ ಕರಗಿ ಒದ್ದೆಯಾದರೆ ಅಲೆ ಒಳಗೆ ಇಳಿಯುವುದೇ ಇಲ್ಲ, ಚುಕ್ಕಿ ಮಂಕಾಗುತ್ತದೆ.

ನನಗೆ ತುಂಬ ಇಷ್ಟವಾದ ಸುಳಿವು ಇನ್ನೊಂದಿದೆ. ಉಪಗ್ರಹದ ಕಡೆಗೋ ಅದರಿಂದ ದೂರವೋ ಚಲಿಸುವ ಹಡಗು ಚಿತ್ರದಲ್ಲಿ ತನ್ನ ಜಾಗದಿಂದ ಪಕ್ಕಕ್ಕೆ ಸರಿದು ಮೂಡುತ್ತದೆ. ಅದರ ಹಿಂದಿನ ನೀರಿನ ಗೆರೆ ಒಂದು ಕಡೆ, ಹಡಗು ಇನ್ನೊಂದು ಕಡೆ. ಮೊದಲ ಸಲ ಅದನ್ನು ಕಂಡ ರಾತ್ರಿ ಖುಷಿಯಿಂದ ನಿದ್ದೆ ಬರಲಿಲ್ಲ. ಹಿಮಬಂಡೆ ನಿಧಾನ ತೇಲುತ್ತದೆ, ಅದಕ್ಕೆ ಅಂಥ ಗೆರೆ ಇರುವುದಿಲ್ಲ.

ಈಗ ನಾವು ಎಡವಿದ ಕಥೆ. ಸ್ಪರ್ಧೆಯ ತರಬೇತಿ ಚಿತ್ರಗಳು 1,604: 851 ಹಡಗು, 753 ಹಿಮಬಂಡೆ. ಒಂದೊಂದೂ 75 ಪಿಕ್ಸೆಲ್ ಉದ್ದ, 75 ಪಿಕ್ಸೆಲ್ ಅಗಲ. ಜೊತೆಗೆ ರಾಡಾರ್ ನೋಡಿದ ಕೋನ. ನಮ್ಮ ಹುಡುಗರ ಮಾಡೆಲ್, ಅಂದರೆ ಈ ಚಿತ್ರಗಳನ್ನು ನೋಡಿ ಗುರುತಿಸಲು ಕಲಿಯುವ ಪ್ರೋಗ್ರಾಂ, ಚೆನ್ನಾಗಿ ಅಂಕ ತೆಗೆಯಿತು. ಆಮೇಲೆ ಗೊತ್ತಾಯಿತು, ಒಂದೇ ಕೋನ ಹಲವು ಚಿತ್ರಗಳಿಗೆ ಇದೆ, ಹಾಗೆ ಕೋನ ಹಂಚಿಕೊಂಡ ಚಿತ್ರಗಳು ಹೆಚ್ಚಾಗಿ ಒಂದೇ ಜಾತಿಯವು. ಮಾಡೆಲ್ ಹಿಮವನ್ನೂ ಉಕ್ಕನ್ನೂ ಕಲಿತಿರಲಿಲ್ಲ, ಕೋನವನ್ನು ಬಾಯಿಪಾಠ ಮಾಡಿತ್ತು. ಕೋನ ತೆಗೆದ ಮೇಲೆ ಅಂಕ ಇಳಿಯಿತು. ಅದು ಸಾಲದು ಅಂತ ನವಮಂಗಳೂರು ಬಂದರಿನ ಹೊರಗೆ ಲಂಗರು ಹಾಕಿದ ಹಡಗುಗಳ ಚಿತ್ರ ಕೊಟ್ಟು ನೋಡಿದೆವು. ಅರಬ್ಬೀ ಸಮುದ್ರದಲ್ಲಿ ಹಿಮಬಂಡೆ ಇದೆ ಅಂತ ಹೇಳಿತು! ಕಾರಣ ಸರಳ. ನಮ್ಮ ಕರಾವಳಿಯ ಮೇಲೆ ಸೆಂಟಿನೆಲ್-1 ಲಂಬ ಅಲೆ ಕಳಿಸುತ್ತದೆ. ಸಿಗುವುದು ವಿವಿ (ಲಂಬ ಕಳಿಸಿ ಲಂಬ ಅಳೆದದ್ದು) ಮತ್ತು ವಿಎಚ್ (ಲಂಬ ಕಳಿಸಿ ಅಡ್ಡ ಅಳೆದದ್ದು). ಮಾಡೆಲ್ ಕಂಡದ್ದು ಎಚ್‌ಎಚ್, ಎಚ್‌ವಿ ಮಾತ್ರ. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲೇ ನೋಡಿಕೊಳ್ಳಿ, ದಯವಿಟ್ಟು.

ಆಮೇಲೆ ನಾವು ಒಂದು ಮೂರನೇ ಫೋಲ್ಡರ್ ಮಾಡಿದೆವು. ಹೆಸರು ‘ಗೊತ್ತಿಲ್ಲ’. ಸ್ಪರ್ಧೆಯಲ್ಲೂ ಅಂಕದ ಲೆಕ್ಕ ಹಾಗೇ ಇತ್ತು: ಗಟ್ಟಿಯಾಗಿ ಹೇಳಿ ತಪ್ಪಿದರೆ ಜಾಸ್ತಿ ದಂಡ. ಕಡಲಿನಲ್ಲೂ ಹಾಗೇ ಅಲ್ವಾ? ಹಿಮಬಂಡೆಯನ್ನು ಹಡಗು ಅಂತ ಬಿಟ್ಟರೆ ತೈಲ ವೇದಿಕೆಯ ಮೇಲಿರುವವರ ಜೀವಕ್ಕೇ ಅಪಾಯ. ನಾನು ಒಂದೇ ಚಿತ್ರ ನೋಡಿ ತೀರ್ಪು ಕೊಡುವುದನ್ನು ಬಿಟ್ಟೆ. ಹಡಗುಗಳು ರೇಡಿಯೋದಲ್ಲಿ ತಮ್ಮ ಹೆಸರು, ಜಾಗ ಹೇಳುವ ಎಐಎಸ್ ಜೊತೆ ತಾಳೆ ನೋಡುತ್ತೇನೆ. ಅದರಲ್ಲೂ ಸಿಗದಿದ್ದರೆ ಮುಂದಿನ ಸುತ್ತಿಗೆ ಕಾಯುತ್ತೇನೆ.

ಕಳೆದುಹೋದ ಸ್ಟಾರ್ ಈ ಕಾಯುವಿಕೆಯದ್ದು. ಒಂದು ಉಪಗ್ರಹ ಅದೇ ದಾರಿಗೆ ಮರಳಲು 12 ದಿನ ಬೇಕು. ಎರಡಿದ್ದಾಗ 6. 2021ರ ಡಿಸೆಂಬರ್‌ನಲ್ಲಿ ಎರಡನೆಯ ಉಪಗ್ರಹ 1ಬಿ ಕೆಟ್ಟಿತು. 2024ರ ಡಿಸೆಂಬರ್‌ನಲ್ಲಿ ಮೂರನೆಯದಾದ 1ಸಿ ಹಾರುವವರೆಗೆ ಮೊದಲನೆಯದಾದ 1ಎ ಒಂದೇ ದುಡಿಯಿತು. ಧ್ರುವದ ಹತ್ತಿರ ದಾರಿಗಳು ಒಂದರ ಮೇಲೊಂದು ಬರುವುದರಿಂದ ತೊಂದರೆ ಕಡಿಮೆ. ನಡುಸಮುದ್ರದ ಚಿತ್ರಗಳಂತೂ ಬಹಳ ಕಡಿಮೆ.

ಬಳಸುವವರಿಗೆ ಎರಡು ಮಾತು. ಒಂದೊಂದು ಫೈಲು ಸುಮಾರು 1 ಜಿಬಿ, ರಾತ್ರಿ ಡೌನ್‌ಲೋಡಿಗೆ ಹಾಕಿ ಮಲಗಿ. ಚಿತ್ರ ತೆರೆಯುವ ಸ್ನ್ಯಾಪ್ ತಂತ್ರಾಂಶವೂ ಉಚಿತ, ಆದರೆ ಲ್ಯಾಪ್‌ಟಾಪಿನಲ್ಲಿ 16 ಜಿಬಿ ಮೆಮೊರಿ ಇರಲಿ. ಪೂರ್ತಿ ಚಿತ್ರ ಬಿಟ್ಟು ಬೇಕಾದ ತುಂಡನ್ನು ಮೊದಲು ಕತ್ತರಿಸಿಕೊಳ್ಳಿ.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಇಸ್ರೋ ಮತ್ತು ನಾಸಾ ಜಂಟಿಯಾಗಿ ಮಾಡಿದ ರಾಡಾರ್ ಉಪಗ್ರಹ ನೈಸಾರ್ ಹಾರಿತು. ಇಸ್ರೋದ ಎಸ್ ಬ್ಯಾಂಡ್ ರಾಡಾರ್ ಅದರಲ್ಲಿದೆ, ನಾಸಾದ ಎಲ್ ಬ್ಯಾಂಡ್ ಕೂಡ (ಬ್ಯಾಂಡ್ ಅಂದರೆ ಅಲೆಯ ಉದ್ದದ ಒಂದು ವರ್ಗ). ಎಲ್ ಬ್ಯಾಂಡ್ ಅಲೆ ಸುಮಾರು 24 ಸೆಂಟಿಮೀಟರ್, ಹಿಮದೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ. ‘ಗೊತ್ತಿಲ್ಲ’ ಫೋಲ್ಡರಿನಲ್ಲಿ ಈಗ 41 ಚುಕ್ಕಿಗಳಿವೆ. ಅಂಥದ್ದೇ ಚುಕ್ಕಿಗಳನ್ನು ಈ ಉದ್ದ ಅಲೆಯಲ್ಲಿ ನೋಡಬೇಕು ಅಂತ ಈ ವರ್ಷದ ಹುಡುಗರ ಜೊತೆ ಕೂತಿದ್ದೇನೆ.