ಬೈದಿದ್ದು ಗನ್ನಿಗೆ, ನೀರಿದ್ದದ್ದು ಗಾಳಿಯಲ್ಲಿ: 1.4 ಎಂಎಂ ಸ್ಪ್ರೇ ಗನ್, ಆರು ತಿಂಗಳ ನಂತರ

ಮೊದಲ ವಾರ ಈ ಗನ್ನಿಗೆ ಒಂದೇ ಸ್ಟಾರ್ ಕೊಡಬೇಕು ಅಂತಿದ್ದೆ. ಈಗ ನಾಲ್ಕು ಕೊಡುತ್ತಿದ್ದೇನೆ. ಗನ್ ಅದೇ, ಬಣ್ಣ ಚಿಮ್ಮುವ 1.4 ಎಂಎಂ ತೂತಿನ ನಾಝಲ್ ಅದೇ.

ಮೇಲೆ ಕಪ್ ಇರುವ ಎಚ್‌ವಿಎಲ್‌ಪಿ ಗನ್ ಇದು, ಅಂದರೆ ಜಾಸ್ತಿ ಗಾಳಿ, ಕಡಿಮೆ ಒತ್ತಡದಲ್ಲಿ ಬಣ್ಣ ಹರಡುವ ಜಾತಿ. ಕಪ್ 600 ಎಂಎಲ್. ನಾನು ಪೇಂಟರ್ ಅಲ್ಲ, ಹಳೇ ಮಷೀನು ಬಿಚ್ಚಿ ರಿಪೇರಿ ಮಾಡಿ ಜೋಡಿಸುವವನು. ಒಂದು ಡ್ರಿಲ್ಲಿಂಗ್ ಮಷೀನಿನ ಬೆಲ್ಟ್ ಗಾರ್ಡ್, ಪುಲ್ಲಿ, ಮೋಟಾರ್ ಕವರ್‌ಗೆ ಬಣ್ಣ ಹೊಡೆಯಬೇಕಿತ್ತು, ಅದಕ್ಕೇ ತಗೊಂಡೆ.

ಮೊದಲು ಗಾರ್ಡ್. ಪ್ರೈಮರ್ ಚೆನ್ನಾಗಿಯೇ ಕೂತಿತ್ತು. ಮೇಲೆ ಬಣ್ಣ ಹೊಡೆದು ಒಂದು ನಿಮಿಷವೂ ಆಗಿರಲಿಲ್ಲ, ಅಲ್ಲಲ್ಲಿ ಬಣ್ಣ ಸರಿದು ಸಾಸಿವೆ ಕಾಳಿನಷ್ಟು ಗುಳಿಗಳು ಬಿದ್ದವು. ಗುಳಿಯ ನಡುವೆ ಪ್ರೈಮರ್ ಇಣುಕುತ್ತಿತ್ತು. ಇದನ್ನೇ ಫಿಶ್ ಐ ಅನ್ನುವುದು. ನಾಝಲ್ ಸರಿಯಿಲ್ಲ ಅಂತ ಬೈದೆ. ಒಣಗಿಸಿ, ಉಜ್ಜಿ, ಮತ್ತೆ ಹೊಡೆದೆ. ಮತ್ತೆ ಅದೇ ಗುಳಿ.

ಕೊನೆಗೆ ಬಣ್ಣ ಹಾಕದೆ, ಒಂದು ಬಿಳಿ ಕಾಗದದ ಮೇಲೆ ಬರೀ ಗಾಳಿ ಬಿಟ್ಟು ನೋಡಿದೆ. ಒಂದು ನಿಮಿಷಕ್ಕೆ ಕಾಗದದ ತುಂಬ ಎಣ್ಣೆ ಚುಕ್ಕೆ! ಕಂಪ್ರೆಸರ್ ಟ್ಯಾಂಕಿನ ತಳದ ವಾಲ್ವ್ ತಿರುಗಿಸಿದರೆ ಎಣ್ಣೆ ಬೆರೆತ ತುಕ್ಕು ನೀರು ಬಂತು, ಸುಮಾರು ಒಂದು ಲೋಟ. ಅದನ್ನು ಯಾವತ್ತು ಖಾಲಿ ಮಾಡಿದ್ದೆನೋ ನೆನಪಿಲ್ಲ. ನೀರಿನ ಫಿಲ್ಟರ್ ಇತ್ತು, ಆದರೆ ಕಂಪ್ರೆಸರಿನ ಬಾಯಲ್ಲೇ ಕೂರಿಸಿದ್ದೆ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಆವಿಯಾಗಿಯೇ ದಾಟಿಹೋಗುತ್ತದೆ. ಪೈಪಿನಲ್ಲಿ ತಣ್ಣಗಾದ ಮೇಲೆ ಹನಿ ಕಟ್ಟುತ್ತದೆ. ಈಗ ಫಿಲ್ಟರನ್ನು ಪೈಪಿನ ಈ ತುದಿಗೆ, ಗನ್ನಿನ ಹತ್ತಿರ ತಂದಿದ್ದೇನೆ. ಗಾರ್ಡಿನಲ್ಲಿ ಆಮೇಲೆ ಒಂದು ಗುಳಿಯೂ ಬಿದ್ದಿಲ್ಲ.

ಒತ್ತಡದ ವಿಷಯದಲ್ಲೂ ತಪ್ಪು ನಂದೇ. ಗನ್ನಿನ ಮೈಮೇಲೆ 29 ಪಿಎಸ್‌ಐ ಅಂತ ಕೆತ್ತಿದೆ. ನಾನು ಜಾಸ್ತಿ ಇದ್ದರೆ ಒಳ್ಳೇದಲ್ವಾ ಅಂತ 60ಕ್ಕೆ ಇಟ್ಟಿದ್ದೆ. ಬಣ್ಣ ಲೋಹ ಮುಟ್ಟುವ ಮೊದಲೇ ಅರ್ಧ ಒಣಗಿ, ಮೇಲ್ಮೈ ಉಪ್ಪುಕಾಗದದ ಹಾಗೆ ತರಿತರಿಯಾಯಿತು. ಟ್ರಿಗರ್ ಒತ್ತಿ ಹಿಡಿದೇ, ಗನ್ನಿನ ಬುಡದ ಗೇಜಿನಲ್ಲಿ ಒತ್ತಡ ನೋಡಬೇಕು. ಕಂಪ್ರೆಸರಿನ ಗೇಜ್ ನಂಬಿದರೆ ಕೆಟ್ಟಿರಿ, ಪೈಪಿನಲ್ಲೇ ಒಂದಷ್ಟು ಇಳಿದುಹೋಗಿರುತ್ತದೆ. ಗನ್ನಿಗೂ ಲೋಹಕ್ಕೂ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದೂರ, ಪ್ರತಿ ಸಾಲು ಹಿಂದಿನದರ ಅರ್ಧ ಮುಚ್ಚುವ ಹಾಗೆ. ಇಷ್ಟು ಹಿಡಿತ ಬಂದರೆ ಈ ಗನ್ ನಿಜಕ್ಕೂ ಸೊಗಸಾಗಿ ಹರಡುತ್ತದೆ.

ಬೀಡು ಕಬ್ಬಿಣದ ಪುಲ್ಲಿ ಬೇರೆಯೇ ಕಥೆ. ಥಿನ್ನರಿನಲ್ಲಿ ಎರಡು ಸಲ ಒರೆಸಿದ್ದೆ, ಬಟ್ಟೆ ಸ್ವಚ್ಛ ಬಂದಿತ್ತು. ಮರುದಿನ ಬಿಸಿಲಿಗಿಟ್ಟೆ ನೋಡಿ, ಬಣ್ಣದ ಕೆಳಗಿಂದ ಗುಳ್ಳೆ ಎದ್ದವು. ವರ್ಷಗಟ್ಟಲೆ ಕುಡಿದ ಎಣ್ಣೆ ಬೀಡಿನ ರಂಧ್ರಗಳಲ್ಲಿ ಕೂತಿರುತ್ತದೆ, ಬಿಸಿಯಾದರೆ ಬೆವರಿನ ಹಾಗೆ ಹೊರಗೆ ಬರುತ್ತದೆ. ಈಗ ನಾನೇ ಮೊದಲು ಹೀಟ್ ಗನ್ನಿನಿಂದ ಬಿಸಿ ಮಾಡಿ, ಬೆವರಿಸಿ, ತಣ್ಣಗಾದ ಮೇಲೆ ಒರೆಸುತ್ತೇನೆ. ಮೂರ್ನಾಲ್ಕು ಸಲ ಬೇಕಾಗುತ್ತದೆ. ಥಿನ್ನರ್ ಪೂರ್ತಿ ಆರುವ ತನಕ ಹೀಟ್ ಗನ್ ಹತ್ತಿರ ತರಬೇಡಿ, ಬೆಂಕಿ ಹತ್ತುತ್ತದೆ.

ಅದೇ ಪುಲ್ಲಿಯಲ್ಲಿ ಬೇರಿಂಗ್ ಕೂರುವ ಜಾಗಕ್ಕೆ ಟೇಪ್ ಹಚ್ಚುವುದು ಮರೆತಿದ್ದೆ. ಅಲ್ಲಿ ಲೆಕ್ಕ ಮೈಕ್ರಾನಿನಲ್ಲಿ, ಪ್ರೈಮರ್ ಸೇರಿ ಮೂರು ಕೋಟ್ ಬಿದ್ದ ಮೇಲೆ ಬೇರಿಂಗ್ ಯಾಕೆ ಒಳಗೆ ಹೋದೀತು? ಅರ್ಧ ದಿನ ಕೆರೆದೆ.

ಇನ್ನು ಗನ್ನಿನ ಸ್ವಂತ ತಪ್ಪುಗಳು. ಡಬ್ಬದ ಮೇಲೆ ‘ಯಾವ ಕಂಪ್ರೆಸರಿಗೂ ಹೊಂದುತ್ತದೆ’ ಅಂತ ಬರೆದಿದೆ. ಸುಳ್ಳು. ಈ ಜಾತಿಯ ಗನ್ ಸಿಕ್ಕಾಪಟ್ಟೆ ಗಾಳಿ ಕುಡಿಯುತ್ತದೆ. ನನ್ನ ಸಣ್ಣ ಕಂಪ್ರೆಸರ್ ಅರ್ಧ ನಿಮಿಷಕ್ಕೇ ಸುಸ್ತಾಗುತ್ತದೆ, ಒತ್ತಡ ಇಳಿದು ಬಣ್ಣ ಕಿತ್ತಳೆ ಸಿಪ್ಪೆಯ ಹಾಗೆ ಕೂರುತ್ತದೆ. ಸಣ್ಣ ಭಾಗಗಳನ್ನು ಒಂದೊಂದಾಗಿ, ಟ್ಯಾಂಕ್ ತುಂಬಲು ಬಿಟ್ಟು ಬಿಟ್ಟು ಹೊಡೆಯುತ್ತೇನೆ. ಜೊತೆಗೆ ಕೊಟ್ಟ ಬ್ರಷ್ ಮೊದಲ ತೊಳೆತಕ್ಕೇ ಕೂದಲು ಉದುರಿಸಿತು. ಮಾಸ್ಕ್ ಕೊಟ್ಟಿಲ್ಲ, ಅದು ಸರಿಯೇ. ಸುಮ್ನೆ ಧೂಳಿನ ಮಾಸ್ಕ್ ಕೊಟ್ಟಿದ್ದರೆ ಜನ ಅದನ್ನೇ ಹಾಕಿಕೊಳ್ಳುತ್ತಿದ್ದರು. ಥಿನ್ನರ್ ಆವಿ ತಡೆಯುವ ಕಾರ್ಟ್ರಿಡ್ಜ್ ಮಾಸ್ಕನ್ನೇ ತಗೊಳ್ಳಿ.

ಕಡಿದುಕೊಂಡ ಒಂದು ಸ್ಟಾರ್ ಕಪ್ಪಿನ ಮುಚ್ಚಳದ್ದು. ಗಾಳಿಯಾಡುವ ತೂತಿಗೆ ತಡೆ ಇಲ್ಲ. ಮೋಟಾರ್ ಕವರಿನ ತಳಭಾಗಕ್ಕೆ ಹೊಡೆಯಲು ಗನ್ ಸ್ವಲ್ಪ ಓರೆ ಮಾಡಿದೆ, ಆಗಷ್ಟೇ ಮುಗಿಸಿದ್ದ ಮೇಲ್ಭಾಗದ ಮೇಲೆ ಟಪ್ ಅಂತ ಒಂದು ದಪ್ಪ ಹನಿ ಬಿತ್ತು. ಆ ಗುರುತು ಇನ್ನೂ ಹಾಗೇ ಇದೆ.