ಮೂರೂವರೆಯಿಂದ ಐದರವರೆಗೆ ನಾನು ಆಡುವ ಮೂರು ಆಟಗಳು

ಮಧ್ಯಾಹ್ನ ಮೂರೂವರೆಗೆ ನಮ್ಮ ಮೆಸ್ಸಿನ ಶಟರ್ ಅರ್ಧ ಇಳಿಸುತ್ತೇವೆ. ಹಿಂದೆ ಪಾತ್ರೆ ತೊಳೆಯುವ ಸದ್ದು. ನಮ್ಮನೆಯವರು ಬೆಂಚಿನ ಮೇಲೆ ಒಂದು ನಿದ್ದೆ ತೆಗೆಯುತ್ತಾರೆ. ಐದಕ್ಕೆ ಮತ್ತೆ ಕಾಫಿ, ಬಜ್ಜಿ ಶುರು. ನಡುವಿನ ಒಂದೂವರೆ ಗಂಟೆ ನನ್ನದು. ಕ್ಯಾಶ್ ಟೇಬಲ್ಲಿನಲ್ಲೇ ಕೂತು ಆಟ ಆಡುತ್ತೇನೆ. ನಾನು ಆಡುವುದು ಎರಡೇ ಬಗೆಯ ಆಟ. ಗಿರಾಕಿಗಳನ್ನು ಹೊತ್ತಿಗೆ ಸರಿಯಾಗಿ ಸುಧಾರಿಸಿ ಕಳಿಸುವ ಟೈಮ್ ಮ್ಯಾನೇಜ್‌ಮೆಂಟ್ ಆಟ ಒಂದು. ಚಿತ್ರದೊಳಗೆ ಅಡಗಿಸಿಟ್ಟ ಸಾಮಾನು ಹುಡುಕುವ ಹಿಡನ್ ಆಬ್ಜೆಕ್ಟ್ ಆಟ ಇನ್ನೊಂದು.

"ಅತ್ತಿಗೆ, ಬೆಳಿಗ್ಗೆಯಿಂದ ಬಡಿಸಿದ್ದು ಸಾಲದಾ? ಕಂಪ್ಯೂಟರಲ್ಲೂ ಬಡಿಸ್ತೀರಲ್ಲ" ಅಂತ ನನ್ನ ನಾದಿನಿ ಬಂದಾಗಲೆಲ್ಲ ಕೇಳುತ್ತಾಳೆ. ಅವಳಿಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಡೈನರ್ ಡ್ಯಾಶ್. 20 ವರ್ಷಕ್ಕೂ ಹಳೆಯ ಆಟ. ನ್ಯೂಯಾರ್ಕಿನ ಗೇಮ್‌ಲ್ಯಾಬ್ ತಂಡ ಮಾಡಿದ್ದು, ಪ್ಲೇಫಸ್ಟ್ ಕಂಪನಿ ಹೊರತಂದದ್ದು. ನಾನು ಇದನ್ನು ಮೊದಲು ನೋಡಿದ್ದು 2008ರಲ್ಲಿ. ಆಗ ಮದುವೆಯಾಗಿರಲಿಲ್ಲ, ಹಾಸನದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಕಥೆ ಇಷ್ಟೇ: ಫ್ಲೋ ಎಂಬ ಹುಡುಗಿಗೆ ಆಫೀಸಿನ ಕೆಲಸ ಸಾಕಾಗುತ್ತದೆ. ಬಿಟ್ಟು ಓಡುತ್ತಾಳೆ. ಒಂದು ಹಾಳುಬಿದ್ದ ಹೋಟೆಲು ಕಣ್ಣಿಗೆ ಬೀಳುತ್ತದೆ, ಅದನ್ನೇ ಎತ್ತಿ ನಿಲ್ಲಿಸುತ್ತಾಳೆ. ಎರಡು ವರ್ಷ ಕಳೆದು ನಾನೂ ಕೀಬೋರ್ಡು ಬಿಟ್ಟು ಮೆಸ್ಸಿಗೆ ಬಂದೆ. ಹಾಗಾಗಿ ಫ್ಲೋ ಅಂದರೆ ನನಗೆ ಪ್ರೀತಿ ಸ್ವಲ್ಪ ಜಾಸ್ತಿ.

ಆಟ ಹೀಗೆ. ಬಾಗಿಲಲ್ಲಿ ಗಿರಾಕಿಗಳು ಬಂದು ನಿಲ್ಲುತ್ತಾರೆ. ಅವರನ್ನು ಮೌಸಿನಿಂದ ಎಳೆದು ಟೇಬಲ್ಲಿಗೆ ಕೂರಿಸಬೇಕು. ಅವರ ಬಟ್ಟೆಯ ಬಣ್ಣಕ್ಕೂ ಕುರ್ಚಿಯ ಬಣ್ಣಕ್ಕೂ ಹೊಂದಿಸಿದರೆ ಜಾಸ್ತಿ ಅಂಕ. ಆರ್ಡರ್ ತೆಗೆದುಕೊಂಡು ಅಡುಗೆಯವನಿಗೆ ಕೊಡಬೇಕು, ತಟ್ಟೆ ತಂದಿಡಬೇಕು, ಬಿಲ್ಲು ಮುಗಿಸಬೇಕು, ಎಂಜಲು ತಟ್ಟೆ ಎತ್ತಿ ತೊಟ್ಟಿಗೆ ಹಾಕಬೇಕು. ಫ್ಲೋಗೆ ಇರುವುದು ಎರಡೇ ಕೈ, ಒಂದು ಸಲಕ್ಕೆ ಎರಡೇ ಸಾಮಾನು. ಕಾಯುವವರ ತಾಳ್ಮೆ ಎಷ್ಟಿದೆ ಅಂತ ಪುಟ್ಟ ಹೃದಯಗಳು ತೋರಿಸುತ್ತವೆ. ಒಂದೊಂದೇ ಆರುತ್ತಾ ಹೋಗುತ್ತದೆ. ಎಲ್ಲಾ ಆರಿದರೆ ಎದ್ದು ಹೋಗುತ್ತಾರೆ. ಆಫೀಸಿನವರಿಗೆ ತಾಳ್ಮೆ ಕಡಿಮೆ. ವಯಸ್ಸಾದವರು ನಿಧಾನವಾಗಿ ತಿನ್ನುತ್ತಾರೆ, ತಾಳ್ಮೆಯೂ ಹೆಚ್ಚು. ನಮ್ಮಲ್ಲೂ ಹಾಗೇ ಅಲ್ವಾ?

ಇದರ ಜೀವ ಇರುವುದು ಚೈನಿನಲ್ಲಿ. ಒಂದೇ ಥರದ ಕೆಲಸವನ್ನು ಬೆನ್ನುಬೆನ್ನಿಗೆ ಮಾಡಿದರೆ ಅಂಕ ಏರುತ್ತಾ ಹೋಗುತ್ತದೆ. ಮೂರು ಟೇಬಲ್ಲಿನ ಆರ್ಡರ್ ಸಾಲಾಗಿ ತಗೊಂಡರೆ ಒಂದು ಲೆಕ್ಕ. ನಡುವೆ ಒಂದು ತಟ್ಟೆ ಎತ್ತಿದಿರೋ, ಚೈನ್ ಹರಿಯಿತು, ಮತ್ತೆ ಮೊದಲಿಂದ. ಇದನ್ನು ಕಂಡ ಮೊದಲ ದಿನವೇ ನನಗೆ ಪಂಕ್ತಿ ಊಟ ನೆನಪಾಯಿತು. ಸಾರಿನ ಬಕೆಟ್ಟು ಹಿಡಿದವನು ಒಂದು ಎಲೆಗೆ ಸುರಿದು ಒಳಗೆ ಓಡುವುದಿಲ್ಲ. ತುದಿಯಿಂದ ತುದಿಗೆ ಬಡಿಸಿಕೊಂಡೇ ಬರುತ್ತಾನೆ. ಅವನ ಹಿಂದೆ ಪಲ್ಯದವನು, ಅವನ ಹಿಂದೆ ಹಪ್ಪಳದವನು. ನಮ್ಮ ಮೆಸ್ಸಿಗೆ ಹೊಸ ಸಪ್ಲೈಯರ್ ಹುಡುಗ ಬಂದಾಗ ನಾನು ಮೊದಲು ಹೇಳಿಕೊಡುವುದೂ ಇದನ್ನೇ. ನಾಲ್ಕನೇ ಟೇಬಲ್ಲಿಗೆ ಮುದ್ದೆ ಕೇಳಿದರೆ ಮೂರು, ಐದನ್ನೂ ಕೇಳಿಕೊಂಡು ಬಾ. ಕಾಲು ಉಳಿಯುತ್ತದೆ.

ಆದರೆ ಚೈನ್ ಬೇಕು ಅಂತ ಕಾದರೆ ಹೃದಯ ಆರುತ್ತದೆ. ಆಟದ ರುಚಿ ಇರುವುದು ಈ ಇಕ್ಕಟ್ಟಿನಲ್ಲೇ. ಮೊನ್ನೆಯ ಒಂದು ಆಟ ಹೇಳುತ್ತೇನೆ. ಎರಡು ಟೇಬಲ್ಲು ಬಿಲ್ಲಿಗೆ ಕೈ ಎತ್ತಿದ್ದವು. ಮೂರನೆಯದು ಕೊನೆಯ ತುತ್ತು ತಿನ್ನುತ್ತಿತ್ತು. ಬಾಗಿಲಲ್ಲಿ ಆಫೀಸಿನವರೊಬ್ಬರು, ಎರಡೇ ಹೃದಯ ಉಳಿದಿತ್ತು. ಮೂರನೆಯವರನ್ನು ಕಾದರೆ ಮೂರು ಬಿಲ್ಲು ಒಟ್ಟಿಗೆ, ದೊಡ್ಡ ಅಂಕ. ಕಾಯದೆ ಈಗಲೇ ಎರಡು ಮುಗಿಸಿದರೆ ಟೇಬಲ್ಲು ಖಾಲಿಯಾಗುತ್ತದೆ, ಬಾಗಿಲಲ್ಲಿರುವವರು ಉಳಿಯುತ್ತಾರೆ. ಉಸಿರು ಹಿಡಿದು ಕಾದೆ. ಒಂದು ಹೃದಯ ಆರಿತು. ಅಷ್ಟರಲ್ಲಿ ಮೂರನೆಯವರ ಕೈ ಮೇಲೆದ್ದಿತು. ಬಿಲ್ಲು, ಬಿಲ್ಲು, ಬಿಲ್ಲು. ಆಮೇಲೆ ತಟ್ಟೆ, ತಟ್ಟೆ, ತೊಟ್ಟಿ. ಕೊನೆಯ ಹೃದಯದಲ್ಲಿದ್ದವರನ್ನು ಎಳೆದು ಕೂರಿಸಿದೆ. ಇಷ್ಟೆಲ್ಲ ಆಗುವುದು ಅರ್ಧ ನಿಮಿಷದಲ್ಲಿ. ಆ ಅರ್ಧ ನಿಮಿಷ ನನ್ನ ತಲೆಯಲ್ಲಿ ಬೇರೆ ಯಾವ ಚಿಂತೆಯೂ ಇರಲಿಲ್ಲ. ಸಿಲಿಂಡರ್ ಬಂತಾ, ಹಾಲಿನವನಿಗೆ ಕೊಟ್ಟೆನಾ, ಯಾವುದೂ ಇಲ್ಲ.

ನಾದಿನಿಗೆ ನನ್ನ ಮೊದಲ ಉತ್ತರ ಇದೇ. ಮೆಸ್ಸಿನಲ್ಲಿ ತಡವಾಗುವುದಕ್ಕೆ ನೂರು ಕಾರಣ. ಕರೆಂಟ್ ಹೋಗಿ ಚಟ್ನಿ ನಿಲ್ಲುತ್ತದೆ, ಒಬ್ಬ ಹುಡುಗ ಹೇಳದೆ ಕೇಳದೆ ರಜೆ ಹಾಕುತ್ತಾನೆ. ಬೈಸಿಕೊಳ್ಳುವುದು ಮಾತ್ರ ಕ್ಯಾಶಿನಲ್ಲಿ ಕೂತವರು. ಆಟದಲ್ಲಿ ಹಾಗಲ್ಲ. ಎಲ್ಲವೂ ಕಣ್ಣೆದುರಿಗೇ ಇದೆ. ಸೋತರೆ ಎಲ್ಲಿ ಸೋತೆ ಅಂತ ನನಗೇ ಗೊತ್ತಾಗುತ್ತದೆ, ಮುಂದಿನ ಸಲ ಅಲ್ಲೇ ಗೆಲ್ಲುತ್ತೇನೆ. ಆಟ ನ್ಯಾಯವಾಗಿ ನಡೆದುಕೊಳ್ಳಬೇಕು. ನಾನು ಕೇಳುವುದು ಅದೊಂದೇ.

ಈ ನ್ಯಾಯ ಇಲ್ಲದಿದ್ದರೆ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಫೋನಿನಲ್ಲಿ ಪುಕ್ಕಟೆ ಸಿಗುವ ಒಂದು ಅಡುಗೆ ಆಟ ಹಾಕಿಕೊಂಡಿದ್ದೆ. ಹೆಸರು ಬೇಡ. ಮೊದಲ ವಾರ ಬಹಳ ಚೆನ್ನಾಗಿತ್ತು. ಆಮೇಲೆ ಎಷ್ಟು ಚುರುಕಾಗಿ ಆಡಿದರೂ ಇಬ್ಬರು ಗಿರಾಕಿ ತಪ್ಪಿಯೇ ತಪ್ಪುತ್ತಿದ್ದರು. ಒಲೆ ನಿಧಾನ. ಬೇಗ ಬೇಯುವ ಒಲೆ ಬೇಕಾದರೆ ಹರಳು ಕೊಳ್ಳಬೇಕು, ಹರಳಿಗೆ ನಿಜವಾದ ದುಡ್ಡು. ಮೂರು ಸಲ ಸೇರಿ 450 ರೂಪಾಯಿ ಕಟ್ಟಿದೆ. ನಮ್ಮಲ್ಲಿ ಹಲವು ಊಟದ ದುಡ್ಡು ಅದು. ಗೆದ್ದಾಗ ಸಂತೋಷವೇ ಆಗಲಿಲ್ಲ, ಯಾಕಂದ್ರೆ ಗೆದ್ದಿದ್ದು ನನ್ನ ಕೈ ಅಲ್ಲ. ತೆಗೆದುಹಾಕಿದೆ.

ಹಳೆಯ ಕಂಪ್ಯೂಟರ್ ಆಟಗಳ ವ್ಯಾಪಾರ ಬೇರೆ ಥರ ಇತ್ತು. ಆಟ ಮಾರುವ ಬಿಗ್ ಫಿಶ್ ಕಂಪನಿಯಂಥ ಕಡೆ ಒಂದು ಗಂಟೆ ಪುಕ್ಕಟೆ ಆಡಲು ಕೊಡುತ್ತಿದ್ದರು. ಇಷ್ಟವಾದರೆ ಒಂದೇ ಸಲ ದುಡ್ಡು ಕೊಟ್ಟು ಪೂರ್ತಿ ಆಟ ತಗೊಳ್ಳಬೇಕು. ಅಂದರೆ 60 ನಿಮಿಷದಲ್ಲಿ ಆಟ ನಮ್ಮ ಮನಸ್ಸು ಗೆಲ್ಲಬೇಕಿತ್ತು. ಅಂಗಡಿಯಲ್ಲಿ ಒಂದು ಚೂರು ಮೈಸೂರ್ ಪಾಕ್ ಕೈಗಿಟ್ಟು ರುಚಿ ನೋಡಿ ಅಂದ ಹಾಗೆ. ಡಿಟಿಪಿ ಅಂಗಡಿಯ ಊಟದ ಬಿಡುವಿನಲ್ಲಿ ನಾನು ಆಡಿದ್ದೆಲ್ಲ ಆ ಒಂದು ಗಂಟೆಯ ಆಟಗಳೇ.

ಹಾಗೆ ಸಿಕ್ಕಿದ್ದು ಮಿಸ್ಟರಿ ಕೇಸ್ ಫೈಲ್ಸ್ ಸಾಲಿನ ರೇವನ್‌ಹರ್ಸ್ಟ್. ಬಿಗ್ ಫಿಶ್‌ನವರೇ 2006ರಲ್ಲಿ ತಂದದ್ದು. ಒಂದು ಹಳೇ ಬಂಗಲೆ, ಎಮ್ಮಾ ಎಂಬ ಹೆಣ್ಣುಮಗಳ ದಿನಚರಿಯ ಹಾಳೆಗಳು, ಸಾಮಾನು ಕಿಕ್ಕಿರಿದ ಕೋಣೆಗಳು. ಜೊತೆಗೆ ಹೆಸರುಗಳ ಪಟ್ಟಿ, ಒಂದು ಗಡಿಯಾರ. ಪಟ್ಟಿಯಲ್ಲಿರುವುದನ್ನು ಚಿತ್ರದಲ್ಲಿ ಹುಡುಕಬೇಕು. ಸುಮ್ನೆ ಸಿಕ್ಕಸಿಕ್ಕಲ್ಲಿ ಕ್ಲಿಕ್ ಮಾಡುತ್ತಾ ಹೋದರೆ ಸಮಯ ಕಡಿತ.

ಹುಡುಕುವ ಕೆಲಸ ನನಗೆ ಕಲಿಸಿದ್ದು ನನ್ನ ಅಜ್ಜಿ. ಮೊರದಲ್ಲಿ ಅಕ್ಕಿ ಆರಿಸುವಾಗ "ಕಲ್ಲು ಹುಡುಕಬೇಡ ಕಣೇ, ಅಕ್ಕಿ ನೋಡ್ಕೊಂಡು ಹೋಗು, ಕಲ್ಲು ತಾನಾಗೇ ಕಾಣುತ್ತೆ" ಅನ್ನುತ್ತಿದ್ದರು. ಬೆರಳಿನಿಂದ ಒಂದು ಸಾಲು ಅಕ್ಕಿ ಕೆಳಗೆ ಸರಿಸುವುದು, ನೋಡುವುದು, ಮತ್ತೊಂದು ಸಾಲು. ರೇವನ್‌ಹರ್ಸ್ಟ್‌ನ ಕೋಣೆಗಳನ್ನೂ ನಾನು ಹಾಗೇ ನೋಡುತ್ತೇನೆ, ಎಡಗಡೆ ಮೇಲಿಂದ ಶುರು ಮಾಡಿ ಸಾಲುಸಾಲಾಗಿ. ಪಟ್ಟಿಯಲ್ಲಿರುವ ಒಂದೇ ಹೆಸರು ಹಿಡಿದು ಅಲೆದರೆ ಕಣ್ಣು ಸೋಲುತ್ತದೆ. ಈಗ ಮೂಟೆಯಲ್ಲಿ ಬರುವ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಕಣ್ಣಿನ ಆ ಕೆಲಸ ನನಗೆ ಈಗ ಈ ಆಟದಲ್ಲಿ ಮಾತ್ರ ಸಿಗುತ್ತದೆ. ಎಷ್ಟೋ ಹೊತ್ತಿನಿಂದ ಕಣ್ಣೆದುರೇ ಇದ್ದ ಸಾಮಾನು ಥಟ್ ಅಂತ ಕಾಣುವ ಆ ಒಂದು ಕ್ಷಣಕ್ಕಾಗಿಯೇ ನಾನು ಕೋಣೆ ಮೇಲೆ ಕೋಣೆ ಆಡುತ್ತೇನೆ.

ಅಡಗಿಸುವುದರಲ್ಲೂ ನ್ಯಾಯ ಇದೆ. ಹಾವನ್ನು ಪರದೆಯ ಮಡಿಕೆಗೆ ಸರಿಯಾಗಿ ಇಳಿಬಿಟ್ಟಿದ್ದರೆ ಭೇಷ್ ಅನ್ನುತ್ತೇನೆ. ಕಂಡ ಮೇಲೆ ಮತ್ತೆ ಕಾಣದೆ ಇರುವುದಿಲ್ಲ ಅದು. ಏಣಿಯನ್ನು ಬೆಂಕಿಕಡ್ಡಿಯಷ್ಟು ಮಾಡಿ, ಗೋಡೆಯದೇ ಬಣ್ಣ ಬಳಿದು ಕತ್ತಲೆಯಲ್ಲಿ ಇಟ್ಟಿದ್ದರೆ ಅದು ಅಡಗಿಸಿದ್ದಲ್ಲ, ಅಳಿಸಿದ್ದು. ಸಿಕ್ಕಾಗಲೂ ಖುಷಿಯಿಲ್ಲ. ರೇವನ್‌ಹರ್ಸ್ಟ್ ನನಗೆ ಇಷ್ಟವಾಗಲು ಇನ್ನೊಂದು ಕಾರಣ, ನಡುನಡುವೆ ಬಾಗಿಲು ತೆಗೆಯುವ ಯಂತ್ರದ ಒಗಟುಗಳು ಬರುತ್ತವೆ. ಹುಡುಕಿ ದಣಿದ ಕಣ್ಣಿಗೆ ಅಲ್ಲೊಂದು ಬಿಡುವು.

ಇಂಗ್ಲಿಷ್ ಪಟ್ಟಿ ಮಾತ್ರ ನಮ್ಮಂಥವರಿಗೆ ತೊಡಕೇ. ಇಂಥ ಆಟಗಳಲ್ಲಿ ಬ್ಯಾಟ್ ಅಂದರೆ ಆಡುವ ದಾಂಡೋ, ತಲೆಕೆಳಗಾಗಿ ನೇತಾಡುವ ಬಾವಲಿಯೋ? ನೇಲ್ ಅಂದರೆ ಮೊಳೆಯೋ, ಉಗುರೋ? ಮಗಳು ಏಳನೇ ಕ್ಲಾಸಿನಲ್ಲಿದ್ದಾಗಿಂದ ಪಕ್ಕದಲ್ಲಿ ನಿಘಂಟು ಹಿಡಿದು ಕೂರುತ್ತಾಳೆ. ಅವಳಿಗೂ ನನಗೂ ಎಷ್ಟೋ ಪದ ಬಂದದ್ದು ಹೀಗೆ. ಪದದ ಜೊತೆ ಚಿತ್ರವೂ ತಲೆಯಲ್ಲಿ ಕೂತುಬಿಡುತ್ತದೆ, ಮರೆಯುವುದಿಲ್ಲ. ಆದರೂ ಇಂಗ್ಲಿಷ್ ಬಾರದವರಿಗೆ ಈ ಆಟ ಕೊಡಿಸಬೇಡಿ.

ಅವರಿಗೆ ಹಿಡನ್ ಫೋಕ್ಸ್ ಇದೆ. 2017ರಲ್ಲಿ ಬಂದದ್ದು. ಅಡ್ರಿಯಾನ್ ಡಿ ಯಾಂಗ್, ಸಿಲ್ವೈನ್ ಟೆಗ್ರೋಗ್ ಎಂಬಿಬ್ಬರ ಕೆಲಸ. ಪೂರ್ತಿ ಕೈಯಲ್ಲೇ ಬರೆದ ಚಿತ್ರ, ಕಪ್ಪು ಬಿಳುಪು, ಇರುವೆ ಸಾಲಿನಂತೆ ಪುಟ್ಟ ಪುಟ್ಟ ಜನ. ಹುಡುಕಬೇಕಾದವರ ಚಿತ್ರಗಳೇ ಕೆಳಗೆ ಸಾಲಾಗಿ ಇರುತ್ತವೆ, ಹಾಗಾಗಿ ಓದು ಬರಬೇಕಿಲ್ಲ. ಚಿತ್ರ ಮುಟ್ಟಿದರೆ ಒಂದು ಸಾಲಿನ ಸುಳಿವು ಬರುತ್ತದೆ, ಅದನ್ನು ಯಾರಾದರೂ ಓದಿ ಹೇಳಿದರೆ ಸಾಕು. ಗಡಿಯಾರ ಇಲ್ಲ. ಎಲ್ಲರನ್ನೂ ಹುಡುಕಲೇಬೇಕು ಅಂತಲೂ ಇಲ್ಲ, ಒಂದಷ್ಟು ಜನ ಸಿಕ್ಕರೆ ಮುಂದಿನ ಜಾಗ ತೆರೆಯುತ್ತದೆ. ಬರೀ ನೋಡಿದರೆ ಸಾಲದು, ಮುಟ್ಟಬೇಕು. ಪೊದೆ ಮುಟ್ಟಿದರೆ ಕತ್ತರಿಸಿ ಬೀಳುತ್ತದೆ, ಡೇರೆಯ ಪರದೆ ಸರಿಯುತ್ತದೆ, ಬಾಗಿಲು ದಡಾರ್ ಅನ್ನುತ್ತದೆ.

ಆ ಸದ್ದುಗಳೆಲ್ಲ ಬಾಯಲ್ಲೇ ಮಾಡಿದ್ದು. ಗಾಡಿ, ಪ್ರಾಣಿ, ಬಾಗಿಲು, ಎಲ್ಲವೂ ಮನುಷ್ಯರ ಬಾಯಿಂದ. ನನ್ನ ಅತ್ತೆಗೆ 71 ವರ್ಷ. ಕನ್ನಡಕ ಮೇಲೇರಿಸಿಕೊಂಡು ಮಗಳ ಟ್ಯಾಬ್ ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ಮೊದಲ ದಿನ ಅವರು ಮೊಸಳೆಯನ್ನು ಮುಟ್ಟಿದರು. ಯಾರೋ ಬಾಯಲ್ಲಿ ಗರ್ರ್ ಅಂದ ಸದ್ದು ಬಂತು. ಕೈ ಹಿಂದಕ್ಕೆಳೆದುಕೊಂಡು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಎಷ್ಟು ನಕ್ಕರು ಅಂದರೆ, ಮಲಗಿದ್ದ ನಮ್ಮನೆಯವರು ಎದ್ದು ಕೂತರು. "ಮಕ್ಕಳನ್ನ ಆಡಿಸುವಾಗ ನಾನೂ ಹೀಗೇ ಕೂಗ್ತಿದ್ದೆ" ಅಂದರು. ಮತ್ತೆ ಮುಟ್ಟಿದರು. ಮತ್ತೆ ಗರ್ರ್.

ಇದನ್ನು ಫೋನಿನಲ್ಲಿ ಆಡಬೇಡಿ, ಕಣ್ಣಿಗೆ ಆಯಾಸ. ಚಿತ್ರ ಹಿಗ್ಗಿಸಿದರೆ ಎಲ್ಲಿದ್ದೇವೆ ಅಂತ ತಪ್ಪಿಹೋಗುತ್ತದೆ. ಟ್ಯಾಬ್ ಇದ್ದರೆ ಒಳ್ಳೆಯದು. ರಾತ್ರಿ ಆಡುವವರಿಗೆ ಕಪ್ಪು ಹಿನ್ನೆಲೆಯ ಬಣ್ಣವೂ ಇದೆ, ಅತ್ತೆ ಅದನ್ನೇ ಹಾಕಿಸಿಕೊಳ್ಳುತ್ತಾರೆ.

ಮೂರರಲ್ಲಿ ಒಂದೇ ತಗೊಳ್ಳುತ್ತೇನೆ ಅನ್ನುವವರು ಹಿಡನ್ ಫೋಕ್ಸ್ ತಗೊಳ್ಳಿ, ಮನೆಮಂದಿಗೆಲ್ಲ ಆಗುತ್ತದೆ. ಕೈ ಚುರುಕು ಇರುವವರು, ಹೋಟೆಲ್ ಕೆಲಸ ಗೊತ್ತಿರುವವರು ಡೈನರ್ ಡ್ಯಾಶ್ ಹುಡುಕಿ ಆಡಿ. ನಾದಿನಿಗೂ ಹೋದ ವಾರ ಅದನ್ನೇ ಕೂರಿಸಿ ಆಡಿಸಿದೆ. ಮೊದಲ ಆಟದಲ್ಲಿ ನಾಲ್ವರು ಎದ್ದು ಹೋದರು. ಎರಡನೆಯದರಲ್ಲಿ ಇಬ್ಬರು. ಐದು ಗಂಟೆಗೆ ಎಣ್ಣೆ ಕಾಯಿತು, ಬಜ್ಜಿ ಹಿಟ್ಟು ಕಲಸಬೇಕಿತ್ತು, ನಾನು ಎದ್ದೆ. "ಅತ್ತಿಗೆ, ಇನ್ನೊಂದು ಸಲ" ಅಂತ ಅವಳು ಅಲ್ಲೇ ಕೂತಿದ್ದಳು.